ಫುಟ್‌ಬಾಲ್ ಮಾಸ್ತರ್ ರಹೀಂ ಸಾಹೇಬರು

(ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಆಟದ ಬಯಲಿನಲ್ಲಿ ಗೋಲು ಹೊಡೆದವನ ಹೆಸರು ಮರುದಿನ ಎಲ್ಲರ ಬಾಯಲ್ಲಿಯೂ ಇರುತ್ತದೆ. ಅವನಿಗೆ ಚೆಂಡನ್ನು ಹೇಗೆ ಒದೆಯಬೇಕೆಂದು ಕಲಿಸಿದವರು ಯಾರು ಎಂದು ಕೇಳುವವರು ವಿರಳ. ಮನೆ ನೋಡಲು ಬಂದವರು ಗೋಡೆಯ ಸುಣ್ಣಬಣ್ಣವನ್ನು ಹೊಗಳಿ ಹೋಗುತ್ತಾರೆ. ತಳಪಾಯದ ಕಲ್ಲನ್ನು ಯಾರೂ ವಿಚಾರಿಸುವುದಿಲ್ಲ. ಭಾರತದ ಕಾಲ್ಚೆಂಡಾಟಕ್ಕೆ ಅಂಥ ತಳಪಾಯದ ಕಲ್ಲಾಗಿದ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರು. 2024ರಲ್ಲಿ ಅವರ ಜೀವನವನ್ನು ಆಧರಿಸಿದ ‘ಮೈದಾನ್’ ಎಂಬ ಹಿಂದಿ ಚಲನಚಿತ್ರ ಬಂದ ಮೇಲೆ ಅನೇಕರಿಗೆ ಅವರ ಹೆಸರು ಪರಿಚಯವಾಯಿತು. ಆದರೆ ಅವರು ಆಟಗಾರರಿಗೆ ಕಲಿಸಿದ್ದೇನು, ಹೇಗೆ ಕಲಿಸಿದರು ಎಂಬ ಸಂಗತಿ ಇಂದಿಗೂ ಬಯಲಿನಲ್ಲಿ ಆಡುವ ನಮ್ಮಂಥವರಿಗೆ ಉಪಯೋಗಕ್ಕೆ ಬರುವಂಥದು. ಅದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

ಇದನ್ನು ಬರೆಯಲು ನನಗೊಂದು ಸ್ವಂತ ಕಾರಣವೂ ಉಂಟು. ಮೂರು ವರ್ಷಗಳಿಂದ ನಾನು ಕಾಲೇಜಿನ ತಂಡದಲ್ಲಿ ಫಾರ್ವರ್ಡ್ ಆಗಿ ಆಡುತ್ತಿದ್ದೇನೆ. ಕಳೆದ ವರ್ಷದ ಒಂದು ಪಂದ್ಯದಲ್ಲಿ, ಆಟ ಮುಗಿಯಲು ಇನ್ನೆರಡು ನಿಮಿಷವಿದ್ದಾಗ, ಗೋಲಿನ ಎದುರಿಗೇ ಚೆಂಡು ನನ್ನ ಎಡಗಾಲಿಗೆ ಬಂದಿತು. ಎಡಗಾಲಿನಿಂದ ಒದೆಯಲು ನನಗೆ ಬರುತ್ತಿರಲಿಲ್ಲ. ಚೆಂಡನ್ನು ಬಲಗಾಲಿಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಎದುರಾಳಿ ಬಂದು ಅದನ್ನು ಆಚೆ ಹೊಡೆದುಬಿಟ್ಟನು. ನಾವು ಸೋತೆವು. ತಪ್ಪು ನನ್ನದೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದೆ ರಹೀಂ ಸಾಹೇಬರ ವಿಷಯ ಓದುವಾಗ, ನನ್ನ ಈ ರೋಗಕ್ಕೆ ಅವರು ಎಂಬತ್ತು ವರ್ಷಗಳಷ್ಟು ಹಿಂದೆಯೇ ಮದ್ದು ಕಂಡುಹಿಡಿದಿದ್ದರೆಂದು ತಿಳಿದು ಬೆರಗಾದೆನು.

ರಹೀಂ ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ನಮ್ಮ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳೂ ಆಗ ನಿಜಾಮರ ಅದೇ ಸಂಸ್ಥಾನಕ್ಕೆ ಸೇರಿದ್ದವು. ಈ ಭಾಗದಲ್ಲಿ ಆ ಕಾಲದಲ್ಲಿ ಪದವಿ ಓದಬೇಕೆಂದವರು 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೇ ನೋಡಬೇಕಾಗಿತ್ತು. ರಹೀಂ ಅವರು ಅಲ್ಲಿಯೇ ಓದಿ ಪದವಿ ಪಡೆದರು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ ಹೆಸರಾದರು. ಪದವೀಧರರೇ ವಿರಳವಾಗಿದ್ದ ಆ ಕಾಲದಲ್ಲಿ ಅವರಿಗೆ ದೊಡ್ಡ ಕಚೇರಿಯಲ್ಲಿ ಕೆಲಸ ಸಿಗದೆ ಇರುತ್ತಿರಲಿಲ್ಲ. ಅವರು ಆರಿಸಿಕೊಂಡದ್ದು ಶಾಲಾ ಮಾಸ್ತರಿಕೆಯನ್ನು. ಕಾಚಿಗುಡ, ಚಾದರಘಾಟ್ ಮೊದಲಾದ ಕಡೆಯ ಶಾಲೆಗಳಲ್ಲಿ ಅವರು ಪಾಠ ಹೇಳಿದರು. ಅನಂತರ ಮತ್ತೆ ವಿದ್ಯಾರ್ಥಿಯಾಗಿ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ಮಕ್ಕಳ ಆಟೋಟಗಳ ಹೊಣೆಯನ್ನೂ ಹೊತ್ತರು. ಮುಂದೆ ದೇಶದ ತಂಡವನ್ನೇ ತಿದ್ದಿದ ಈ ಮಹನೀಯರು ಕೊನೆಯವರೆಗೂ ಸ್ವಭಾವದಲ್ಲಿ ಶಾಲೆಯ ಮಾಸ್ತರರಾಗಿಯೇ ಉಳಿದರು. ಅವರ ಹೆಚ್ಚುಗಾರಿಕೆಯೆಲ್ಲ ಅದರಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಆ ದಿನಗಳಲ್ಲಿ ನಮ್ಮ ದೇಶದ ಕಾಲ್ಚೆಂಡಾಟ ಹೇಗಿತ್ತೆಂಬುದನ್ನು ಸ್ವಲ್ಪ ಹೇಳಬೇಕು. ಬಹುಮಂದಿ ಬರಿಗಾಲಿನಲ್ಲಿ ಆಡುತ್ತಿದ್ದರು. ಚೆಂಡು ಸಿಕ್ಕವನು ಒಂದೋ ಅದನ್ನು ಕಾಲಿನಲ್ಲಿ ಆಡಿಸುತ್ತ ಒಬ್ಬನೇ ಮುನ್ನುಗ್ಗುತ್ತಿದ್ದನು, ಇಲ್ಲವೇ ಬಲವಾಗಿ ಆಕಾಶಕ್ಕೆ ಒದೆಯುತ್ತಿದ್ದನು. ಬರಿಗಾಲಿನ ಕೈಚಳಕಕ್ಕೆ, ಅಲ್ಲ, ಕಾಲ್ಚಳಕಕ್ಕೆ ಜನ ಮರುಳಾಗುತ್ತಿದ್ದರು. ಹುಟ್ಟಿನಿಂದಲೇ ಅದು ಬಂದವನು ಆಟಗಾರ. ಬಾರದವನು ದಡದಲ್ಲಿ ಕೂತು ನೋಡುವವನು ಎಂಬ ಭಾವನೆ ಎಲ್ಲೆಡೆ ಬೇರೂರಿತ್ತು. 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದ ರಹೀಂ ಅವರು ಇದನ್ನು ಒಪ್ಪಲಿಲ್ಲ. ಮಗ್ಗಿಯನ್ನು ಕಲಿಸುವಂತೆ ಆಟವನ್ನೂ ಬಿಡಿಬಿಡಿಯಾಗಿ ಮಾಡಿ ಕಲಿಸಬಹುದೆಂದು ಅವರು ನಂಬಿದ್ದರು.

ಅವರು ಮಾಡಿದ ಒಂದು ಕೆಲಸ ಬಹಳ ಸ್ವಾರಸ್ಯವಾದುದು. ಆಟಗಾರರು ತಮ್ಮ ಅಶಕ್ತ ಕಾಲಿನಿಂದ ಮಾತ್ರ ಚೆಂಡನ್ನು ಒದೆಯಬೇಕೆಂಬ ನಿಯಮವಿಟ್ಟು ಪಂದ್ಯಾವಳಿಗಳನ್ನು ನಡೆಸಿದರು. ಬಲಗಾಲಿನವನಿಗೆ ಎಡಗಾಲು, ಎಡಗಾಲಿನವನಿಗೆ ಬಲಗಾಲು. ಹೆಸರಾಂತ ಆಟಗಾರನೂ ಅಲ್ಲಿ ಎಳೆಯ ಮಗುವಿನಂತೆ ತಡವರಿಸಬೇಕು. ಚೆಂಡನ್ನು ಒಬ್ಬನೇ ಆಡಿಸಿಕೊಂಡು ಹೋಗುವ ಡ್ರಿಬ್ಲಿಂಗನ್ನು ನಿಷೇಧಿಸಿದ ಪಂದ್ಯಾವಳಿಗಳನ್ನೂ ಅವರು ಏರ್ಪಡಿಸಿದರು. ಬೈದು ಹೇಳಿದರೆ ಹೋಗದ ಚಾಳಿಯನ್ನು ಆಟದ ನಿಯಮವೇ ತಿದ್ದುವಂತೆ ಮಾಡಿದ ಈ ಉಪಾಯ ಅನುಭವಸ್ಥ ಶಿಕ್ಷಕನಿಗಲ್ಲದೆ ಬೇರೆಯವರಿಗೆ ಹೊಳೆಯಲಾರದು.

ಅಶಕ್ತ ಕಾಲನ್ನು ಪಳಗಿಸುವುದರಿಂದ ಏನು ಲಾಭವೆಂದು ಆಡದವರು ಕೇಳಬಹುದು. ಒಂದೇ ಕಾಲಿನ ಆಟಗಾರ ಯಾವ ಕಡೆ ತಿರುಗುವನೆಂದು ಎದುರಾಳಿಗೆ ಮೊದಲೇ ಗೊತ್ತಿರುತ್ತದೆ. ಆ ದಾರಿಯೊಂದನ್ನು ಮುಚ್ಚಿದರೆ ಅವನ ಕಥೆ ಮುಗಿಯಿತು. ಎರಡು ಕಾಲೂ ಪಳಗಿದವನ ಎದುರು ನಿಂತವನಿಗೆ ಎರಡು ದಾರಿಗಳನ್ನು ಕಾಯಬೇಕಾದ ಕಷ್ಟ. ಚೆಂಡು ಬಂದ ಕಾಲಿನಿಂದಲೇ ಒದೆಯಬಲ್ಲವನಿಗೆ ಅರೆಕ್ಷಣ ಉಳಿಯುತ್ತದೆ. ಗೋಲಿನ ಎದುರಿನಲ್ಲಿ ಆ ಅರೆಕ್ಷಣದ ಬೆಲೆ ಎಷ್ಟೆಂಬುದನ್ನು ನಾನು ಸ್ವಾನುಭವದಿಂದ ಬಲ್ಲೆ.

ಇನ್ನೊಂದು ಗುಟ್ಟೂ ಇದರಲ್ಲಿ ಅಡಗಿದೆ. ಎಡಗಾಲಿನಿಂದ ಒದೆಯುವಾಗ ಮೈಯ ಭಾರವನ್ನೆಲ್ಲ ಹೊರುವುದು ಬಲಗಾಲು. ಅದನ್ನು ಚೆಂಡಿನ ಪಕ್ಕದಲ್ಲಿ, ಪಾದದ ತುದಿ ಚೆಂಡು ಹೋಗಬೇಕಾದ ದಿಕ್ಕಿಗೆ ಇರುವಂತೆ ಊರಿ, ಮಂಡಿಯನ್ನು ತುಸು ಬಗ್ಗಿಸಿ ಅಲುಗದೆ ನಿಲ್ಲಬೇಕು. ಒದೆಯುವ ಕಾಲಿನ ಕೀಲನ್ನು ಬಿಗಿಹಿಡಿದು, ಪಾದದ ಒಳಬದಿಯಿಂದ ಚೆಂಡಿನ ನಡುಭಾಗವನ್ನು ತಳ್ಳಬೇಕು. ಎದೆ ಹಿಂದಕ್ಕೆ ವಾಲಿದರೆ ಚೆಂಡು ಮೇಲಕ್ಕೆ ಹಾರುತ್ತದೆ. ಮುಂದಕ್ಕೆ ಬಾಗಿದ್ದರೆ ನೆಲ ಹಿಡಿದು ಹೋಗುತ್ತದೆ. ಎಡಗಾಲಿನಿಂದ ಒದೆಯಲು ಬಾರದವನ ದೋಷ ಅನೇಕ ವೇಳೆ ಎಡಗಾಲಿನದಾಗಿರುವುದಿಲ್ಲ. ನಿಲ್ಲಲು ಕಲಿಯದ ಬಲಗಾಲಿನದಾಗಿರುತ್ತದೆ. ಜೋಡೆತ್ತಿನ ಉಳುಮೆಯನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾದೀತು. ಒಂದು ಎತ್ತು ನೊಗಕ್ಕೆ ಪಳಗದಿದ್ದರೆ ಇನ್ನೊಂದು ಎಷ್ಟು ಬಲಶಾಲಿಯಾದರೂ ಸಾಲು ಸೊಟ್ಟಗಾಗುವುದು ತಪ್ಪುವುದಿಲ್ಲ.

ಚೆಂಡನ್ನು ಕೊಡುವುದರಂತೆ ತೆಗೆದುಕೊಳ್ಳುವುದೂ ಒಂದು ವಿದ್ಯೆ. ವೇಗವಾಗಿ ಬಂದ ಚೆಂಡಿಗೆ ಕಾಲನ್ನು ಗೋಡೆಯಂತೆ ಅಡ್ಡ ಹಿಡಿದರೆ ಅದು ಪುಟಿದು ಎದುರಾಳಿಯ ಪಾಲಾಗುತ್ತದೆ. ಮೇಲಿನಿಂದ ಎಸೆದ ಬಿಂದಿಗೆಯನ್ನು ಕೈಯಲ್ಲಿ ಹಿಡಿಯುವವನು ಕೈಯನ್ನು ತುಸು ಹಿಂದಕ್ಕೆ ಎಳೆದುಕೊಳ್ಳುವಂತೆ, ಚೆಂಡು ತಾಗುವ ಕ್ಷಣದಲ್ಲಿ ಪಾದವನ್ನು ಹಿಂದಕ್ಕೆ ಸಡಿಲಿಸಬೇಕು. ಆಗ ಚೆಂಡು ಸಾಧುವಾಗಿ ಕಾಲಿನ ಬಳಿಯಲ್ಲಿಯೇ ನಿಲ್ಲುತ್ತದೆ. ಹೀಗೆ ಹಿಡಿದ ಚೆಂಡನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳದೆ, ನೆಲದ ಮೇಲೆಯೇ, ಸಮೀಪದ ಜೊತೆಗಾರನಿಗೆ ಕೊಟ್ಟು ತಾನು ಮತ್ತೊಂದು ತೆರವಾದ ಜಾಗಕ್ಕೆ ಓಡಬೇಕು. ಎಷ್ಟೇ ವೇಗವಾಗಿ ಓಡುವವನಿಗಿಂತಲೂ ಚೆಂಡು ವೇಗವಾಗಿ ಹೋಗುತ್ತದೆ. ಅದಕ್ಕೆ ಆಯಾಸವೂ ಇಲ್ಲ. ಈ ಸಣ್ಣ ಪಾಸುಗಳ ಆಟವೇ ರಹೀಂ ಅವರ ಕೈಯಲ್ಲಿ ಹೈದರಾಬಾದಿನ ಆಟವೆಂದು ಪ್ರಸಿದ್ಧವಾಯಿತು.

ಆ ಪಾಠಶಾಲೆಯ ಮೊದಲ ಫಲ ಹೈದರಾಬಾದ್ ಸಿಟಿ ಪೊಲೀಸ್ ತಂಡ. 1950ರಿಂದ ರಹೀಂ ಅವರು ಅದರ ತರಬೇತುದಾರರಾಗಿದ್ದರು. ಆ ವರ್ಷವೇ ತಂಡವು ಡ್ಯುರಾಂಡ್ ಕಪ್ ಗೆದ್ದಿತು. ಮುಂಬಯಿಯ ರೋವರ್ಸ್ ಕಪ್ಪನ್ನಂತೂ 1950ರಿಂದ 1954ರ ತನಕ ಸತತವಾಗಿ ಐದು ವರ್ಷ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಕಾಲ್ಚೆಂಡೆಂದರೆ ಕಲ್ಕತ್ತ ಎಂದು ದೇಶವೆಲ್ಲ ಭಾವಿಸಿದ್ದ ಕಾಲದಲ್ಲಿ ದಕ್ಷಿಣದ ಒಂದು ಪೊಲೀಸ್ ತಂಡ ಹೀಗೆ ಮೆರೆದುದು ಸಾಮಾನ್ಯ ಸಂಗತಿಯಲ್ಲ.

1951ರಲ್ಲಿ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ನಡೆದಾಗ ಭಾರತ ತಂಡವನ್ನು ರಹೀಂ ಅವರ ವಶಕ್ಕೆ ಕೊಡಲಾಯಿತು. ಅಂತಿಮ ಪಂದ್ಯದಲ್ಲಿ ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಇರಾನನ್ನು ಸೋಲಿಸಿ ಭಾರತ ಚಿನ್ನದ ಪದಕ ಪಡೆಯಿತು. ಆಗಿನ ಹೆಸರಾಂತ ಫಾರ್ವರ್ಡ್‌ಗಳಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಕಲ್ಕತ್ತದ ಈಸ್ಟ್ ಬೆಂಗಾಲ್ ತಂಡದಲ್ಲಿ ಕೀರ್ತಿ ಗಳಿಸಿದ ಅಹಮದ್ ಖಾನರೂ ಒಬ್ಬರು. ಬರಿಗಾಲಿನಲ್ಲಿ ಚೆಂಡನ್ನು ಆಡಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲವೆಂದು ಆ ಕಾಲದವರು ಹೇಳುತ್ತಿದ್ದರು.

ಆದರೆ ಮರುವರ್ಷವೇ ಕಹಿಯನ್ನು ಉಣ್ಣಬೇಕಾಯಿತು. 1952ರ ಜುಲೈಯಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಎದುರಾದದ್ದು ಬಲಾಢ್ಯ ಯುಗೊಸ್ಲಾವಿಯ. ಉತ್ತರ ಯುರೋಪಿನ ಚಳಿ, ಒದ್ದೆಯಾದ ಹುಲ್ಲು. ನಮ್ಮವರಲ್ಲಿ ಬಹುಮಂದಿಯ ಕಾಲಿನಲ್ಲಿ ಬೂಟಿಲ್ಲ. ಹತ್ತು ಗೋಲುಗಳಿಗೆ ಒಂದರಂತೆ ಭಾರತ ಸೋತಿತು. ಆ ಒಂದು ಗೋಲನ್ನು ಹೊಡೆದವರು ನಮ್ಮ ಅಹಮದ್ ಖಾನರೇ. ದೇಶದಲ್ಲಿ ನಗೆಪಾಟಲಾಗುವಂಥ ಸೋಲು ಅದು. ಆ ಒಲಿಂಪಿಕ್ಸಿನ ಬಳಿಕ ಬೂಟು ಧರಿಸುವುದನ್ನು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಕಡ್ಡಾಯ ಮಾಡಿತು.

ಬೂಟು ಹಾಕಿದ ಮಾತ್ರಕ್ಕೆ ಆಟ ಬದಲಾಗುವುದಿಲ್ಲ. ಆಟಗಾರರು ನಿಲ್ಲುವ ರೀತಿಯೇ ಬದಲಾಗಬೇಕೆಂದು ರಹೀಂ ಅವರಿಗೆ ತಿಳಿದಿತ್ತು. ಹಳೆಯ ಪದ್ಧತಿಯಲ್ಲಿ ಗೋಲಿನ ಮುಂದೆ ಇಬ್ಬರು ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್‌ಗಳು, ಎಲ್ಲರಿಗಿಂತ ಮುಂದೆ ಐವರು ಫಾರ್ವರ್ಡ್‌ಗಳು. 1925ರಲ್ಲಿ ಆಫ್‌ಸೈಡ್ ನಿಯಮವು ಸಡಿಲವಾದಾಗ ಫಾರ್ವರ್ಡ್‌ಗಳಿಗೆ ಗೋಲಿನ ಸಮೀಪ ಹೋಗುವುದು ಸುಲಭವಾಯಿತು. ಅದನ್ನು ತಡೆಯಲು ಯುರೋಪಿನವರು ನಡುವಿನ ಹಾಫನ್ನು ಹಿಂದಕ್ಕೆ ಕರೆದು ಮೂರನೆಯ ಬ್ಯಾಕನ್ನಾಗಿ ಮಾಡಿಕೊಂಡರು. ನಮ್ಮಲ್ಲಿ ಮಾತ್ರ ಹಳೆಯ ಪದ್ಧತಿಯೇ ಬಹುಕಾಲ ಮುಂದುವರಿದಿತ್ತು. ರಹೀಂ ಅವರು ಮೂವರು ಬ್ಯಾಕ್‌ಗಳ ವ್ಯವಸ್ಥೆಯನ್ನು ಭಾರತ ತಂಡಕ್ಕೆ ಕಲಿಸಿದರು. ಹಂಗೆರಿಯವರು ಜಗತ್ತಿಗೆ ತೋರಿಸಿಕೊಟ್ಟ ಇನ್ನೊಂದು ತಂತ್ರವನ್ನೂ ಅವರು ತಮ್ಮದಾಗಿಸಿಕೊಂಡರು. ನಡುವಿನ ಫಾರ್ವರ್ಡ್ ಗೋಲಿನ ಹತ್ತಿರ ಕಾದು ನಿಲ್ಲದೆ ಹಿಂದಕ್ಕೆ ಸರಿದು ಆಡುವುದೇ ಆ ತಂತ್ರ. ಅವನನ್ನು ಕಾಯಬೇಕಾದ ಬ್ಯಾಕ್ ಬೆನ್ನಟ್ಟಿ ಬಂದರೆ ಹಿಂದೆ ಬಾಗಿಲು ತೆರೆದಂತಾಗುತ್ತದೆ. ಬಾರದಿದ್ದರೆ ಅವನು ನಿರಾತಂಕವಾಗಿ ಚೆಂಡು ಹಂಚುತ್ತಾನೆ. 1953ರಲ್ಲಿ ಹಂಗೆರಿ ಇಂಗ್ಲೆಂಡನ್ನು ಅದರ ಮನೆಯಂಗಳವಾದ ವೆಂಬ್ಲಿಯಲ್ಲಿಯೇ ಆರು-ಮೂರರಿಂದ ಸೋಲಿಸಿದ್ದು ಹೀಗೆ ಆಡಿಯೇ.

ಈ ಹೊಸ ವಿದ್ಯೆಯ ಪರೀಕ್ಷೆ ನಡೆದುದು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ. ಆತಿಥೇಯ ಆಸ್ಟ್ರೇಲಿಯವನ್ನು ಭಾರತ ನಾಲ್ಕು-ಎರಡರಿಂದ ಸೋಲಿಸಿತು. ಮೂರು ಗೋಲುಗಳನ್ನು ನೆವಿಲ್ ಡಿ’ಸೋಜ ಒಬ್ಬರೇ ಹೊಡೆದರು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯದ ಆಟಗಾರ ಅವರೇ. ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಸೆಮಿಫೈನಲ್ ತಲುಪಿದ ಏಷ್ಯದ ಮೊದಲ ದೇಶವೆಂಬ ಕೀರ್ತಿ ಭಾರತಕ್ಕೆ ಬಂದಿತು. ಸೆಮಿಫೈನಲಿನಲ್ಲಿ ಎದುರಾದದ್ದು ಮತ್ತೆ ಅದೇ ಯುಗೊಸ್ಲಾವಿಯ. ಮೊದಲ ಗೋಲು ಹೊಡೆದದ್ದು ಭಾರತ! ಕೊನೆಗೆ ನಾಲ್ಕು-ಒಂದರಿಂದ ಸೋತರೂ, ನಾಲ್ಕು ವರ್ಷಗಳ ಹಿಂದಿನ ಹತ್ತು-ಒಂದನ್ನು ನೆನೆದವರಿಗೆ ಮಾಸ್ತರರ ಕೆಲಸ ಎದ್ದು ಕಾಣುತ್ತಿತ್ತು. ಬಲ್ಗೇರಿಯದ ಎದುರು ಕಂಚಿನ ಪದಕದ ಪಂದ್ಯದಲ್ಲಿಯೂ ಸೋಲಾಗಿ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಅದಕ್ಕಿಂತ ಮೇಲಕ್ಕೆ ನಾವು ಮತ್ತೆಂದೂ ಒಲಿಂಪಿಕ್ಸಿನಲ್ಲಿ ಏರಿಲ್ಲ.

ರಹೀಂ ಅವರು ಪ್ರತಿಭೆಯನ್ನು ಹುಡುಕುತ್ತಿದ್ದ ಬಗೆಗೆ ಒಂದು ನಿದರ್ಶನವನ್ನು ಹೇಳಲೇಬೇಕು. ಸಿಕಂದರಾಬಾದಿನ ಬಳಿಯ ಅಮ್ಮುಗುಡದ ಬಡ ಕುಟುಂಬದ ಹುಡುಗ ತುಳಸೀದಾಸ ಬಲರಾಂ ಅವರ ಕಣ್ಣಿಗೆ ಬಿದ್ದನು. ಅಭ್ಯಾಸಕ್ಕೆ ಹೈದರಾಬಾದಿಗೆ ಬರಲು ಅವನ ಕೈಯಲ್ಲಿ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿಗೆ ಹಣವನ್ನು ರಹೀಂ ಅವರೇ ಕೊಟ್ಟು ಅವನನ್ನು ಕರೆಸಿಕೊಂಡರೆಂದು ಬಲರಾಂ ತಮ್ಮ ವೃದ್ಧಾಪ್ಯದಲ್ಲಿಯೂ ಕೃತಜ್ಞತೆಯಿಂದ ನೆನೆಯುತ್ತಿದ್ದರು. ಆ ಹುಡುಗನೇ 1960ರ ರೋಮ್ ಒಲಿಂಪಿಕ್ಸಿನಲ್ಲಿ ಹಂಗೆರಿಯ ಮೇಲೂ ಪೆರುವಿನ ಮೇಲೂ ಗೋಲು ಹೊಡೆದನು. ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಆ ಸೈಕಲ್ಲಿನ ಬಾಡಿಗೆಯ ಬೆಲೆ ಬೇರೆಯವರು ಹೇಳಬೇಕಾಗಿಲ್ಲ. ವಿದ್ಯೆ ಬರುವುದು ಆಮೇಲೆ. ವಿದ್ಯೆಯ ಬಾಗಿಲಿನ ತನಕ ಬರುವ ದಾರಿಯ ಖರ್ಚು ಅದಕ್ಕಿಂತ ಮೊದಲು.

ಅವರ ಕೊನೆಯ ಹಾಗೂ ಅತಿ ದೊಡ್ಡ ಪರೀಕ್ಷೆ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಆಗ ರಹೀಂ ಅವರ ಆರೋಗ್ಯ ಕೆಟ್ಟಿತ್ತು. ಇಸ್ರೇಲ್ ಮತ್ತು ತೈವಾನ್ ದೇಶಗಳವರಿಗೆ ಇಂಡೊನೇಷ್ಯ ಪ್ರವೇಶ ಕೊಡದಿದ್ದುದನ್ನು ಭಾರತದ ಕ್ರೀಡಾ ಮುಖಂಡರಾದ ಜಿ.ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ನಮ್ಮ ಆಟಗಾರರು ಮೈದಾನಕ್ಕೆ ಇಳಿದಲ್ಲೆಲ್ಲ ಕೂಗಾಟ. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ ಎರಡು ಗೋಲುಗಳಿಂದ ಭಾರತವನ್ನು ಸೋಲಿಸಿತು. ಥಾಯ್ಲೆಂಡನ್ನು ಸೋಲಿಸಿದ ಪಂದ್ಯದಲ್ಲಿ ಬ್ಯಾಕ್ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಆಮೇಲೆ ಜಪಾನನ್ನು ಗೆದ್ದು ಭಾರತ ಸೆಮಿಫೈನಲ್ ತಲುಪಿತು.

ಇಲ್ಲಿ ರಹೀಂ ಅವರು ತೆಗೆದುಕೊಂಡ ತೀರ್ಮಾನ ಎಲ್ಲರನ್ನೂ ಬೆರಗುಗೊಳಿಸಿತು. ಗಾಯಗೊಂಡ ಜರ್ನೈಲರನ್ನು ಅವರು ಹೊರಗೆ ಕೂರಿಸಲಿಲ್ಲ. ಹಿಂದಿನಿಂದ ತೆಗೆದು ಮುಂಚೂಣಿಯ ನಡುವೆ ನಿಲ್ಲಿಸಿದರು. ಹಿಂದೆ ಕಾಲೇಜಿನ ದಿನಗಳಲ್ಲಿ ಜರ್ನೈಲ್ ಫಾರ್ವರ್ಡ್ ಆಗಿ ಆಡಿದ್ದರೆಂಬುದನ್ನು ಮಾಸ್ತರರು ಮರೆತಿರಲಿಲ್ಲ. ತಲೆಗೆ ಪಟ್ಟಿ ಕಟ್ಟಿಕೊಂಡ ಆ ಆಜಾನುಬಾಹು ದಕ್ಷಿಣ ವಿಯೆಟ್ನಾಮಿನ ಮೇಲೆ ಒಂದು ಗೋಲು ಹೊಡೆದರು. ನಾಯಕ ಚುನಿ ಗೋಸ್ವಾಮಿ ಎರಡು ಹೊಡೆದರು. ಮೂರು-ಎರಡರಿಂದ ಭಾರತ ಗೆದ್ದಿತು.

ಸೆಪ್ಟೆಂಬರ್ 4ರಂದು ಅಂತಿಮ ಪಂದ್ಯ. ಎದುರಿಗೆ ಮತ್ತೆ ದಕ್ಷಿಣ ಕೊರಿಯ. ಸುತ್ತಲೂ ಸುಮಾರು ಒಂದು ಲಕ್ಷ ಜನ, ಬಹುಪಾಲು ನಮ್ಮ ಸೋಲನ್ನೇ ಬಯಸುವವರು. ಜ್ವರದಿಂದ ಎದ್ದಿದ್ದ ಎತ್ತರದ ಆಳು ಪೀಟರ್ ತಂಗರಾಜರನ್ನು ರಹೀಂ ಅವರು ಗೋಲಿನಲ್ಲಿ ನಿಲ್ಲಿಸಿದರು. ಆಟದ ಹಿಂದಿನ ದಿನ ಅವರು ಹುಡುಗರಿಂದ ಒಂದು ಕಾಣಿಕೆಯನ್ನು ಬೇಡಿದರೆಂದೂ, ಆ ಕಾಣಿಕೆ ಚಿನ್ನದ ಪದಕವಾಗಿತ್ತೆಂದೂ ಆಟಗಾರರು ಮುಂದೆ ನೆನೆದಿದ್ದಾರೆ. ಹದಿನೇಳನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, ಇಪ್ಪತ್ತನೆಯ ನಿಮಿಷದಲ್ಲಿ ಜರ್ನೈಲ್ ಸಿಂಗ್ ಗೋಲು ಹೊಡೆದರು. ಆಟ ಮುಗಿಯುವ ಹೊತ್ತಿಗೆ ಕೊರಿಯ ಒಂದು ಗೋಲನ್ನು ಮಾತ್ರ ಹಿಂದಿರುಗಿಸಿತು. ಕೂಗಾಡುತ್ತಿದ್ದ ಆ ಜನಸಮುದ್ರದ ನಡುವೆ ನಮ್ಮವರಿಗೆ ಜಯಕಾರ ಹಾಕಿದವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರಿದ್ದರೆಂಬುದು ಮರೆಯಬಾರದ ಸಂಗತಿ.

ಗುರುವಿಗೆ ಕಾಣಿಕೆ ಸಂದಿತು. ಆದರೆ ಅದನ್ನು ಬಹುಕಾಲ ನೋಡಿ ಸುಖಿಸುವ ಭಾಗ್ಯ ಅವರಿಗಿರಲಿಲ್ಲ. 1963ರ ಜೂನ್ 11ರಂದು ಕ್ಯಾನ್ಸರ್ ಅವರನ್ನು ಕರೆದೊಯ್ದಿತು. ಆಗ ಅವರಿಗೆ ಐವತ್ತುಮೂರು ವರ್ಷ. ಅವರ ಮಗ ಸೈಯದ್ ಶಾಹಿದ್ ಹಕೀಂ ಅವರು ರೋಮ್ ಒಲಿಂಪಿಕ್ಸಿನ ತಂಡದಲ್ಲಿದ್ದು, ಮುಂದೆ ಅಂತರರಾಷ್ಟ್ರೀಯ ರೆಫರಿಯೂ ತರಬೇತುದಾರರೂ ಆದರು. 2021ರ ಆಗಸ್ಟ್‌ನಲ್ಲಿ ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿಯೇ. ಅಷ್ಟು ದೊಡ್ಡ ಮನೆತನದವರು ನಮ್ಮ ನಡುವೆ ಬಂದು ಹೋದರೆಂಬುದು ನಮ್ಮೂರಿನ ಆಟಗಾರರಲ್ಲಿ ಎಷ್ಟು ಜನರಿಗೆ ಗೊತ್ತು?

ರಹೀಂ ಅವರ ನಂತರ ಏನಾಯಿತೆಂಬುದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ. 1960ರ ರೋಮ್ ಬಳಿಕ ಭಾರತದ ಪುರುಷರ ತಂಡ ಒಲಿಂಪಿಕ್ಸಿಗೆ ಹೋಗಿಲ್ಲ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಬಂದಿತು. ಆ ತಂಡಕ್ಕೆ ತರಬೇತಿ ಕೊಟ್ಟವರಲ್ಲಿ ರಹೀಂ ಅವರ ಶಿಷ್ಯ ಪಿ.ಕೆ. ಬ್ಯಾನರ್ಜಿ ಇದ್ದರು. ಅದಾದ ಮೇಲೆ ಆ ಕೂಟದ ಕಾಲ್ಚೆಂಡಾಟದಲ್ಲಿ ನಮಗೆ ಪದಕವಿಲ್ಲ. ನಮ್ಮಲ್ಲಿ ಆಡುವ ಹುಡುಗರಿಗೆ ಬರಗಾಲ ಬಂದಿಲ್ಲ. ಸಂಜೆಯ ಹೊತ್ತು ಯಾವ ಊರಿನ ಬಯಲಿಗೆ ಹೋದರೂ ಕಾಣುತ್ತಾರೆ. ಅವರಿಗೆ ಮೊದಲ ಪಾಠವನ್ನು ತಾಳ್ಮೆಯಿಂದ ಹೇಳಿಕೊಡುವ ಮಾಸ್ತರರು ಎಷ್ಟು ಮಂದಿ? ಮಾಸ್ತರನ ವಿದ್ಯೆ ಅವನ ಶಿಷ್ಯರ ಕಾಲಿನಲ್ಲಿರುತ್ತದೆ. ಆ ಶಿಷ್ಯರು ಇನ್ನೊಬ್ಬರಿಗೆ ದಾಟಿಸದಿದ್ದರೆ ಅದು ಅಲ್ಲಿಗೇ ನಿಂತುಹೋಗುತ್ತದೆ.

ಈ ಲೇಖನವನ್ನು ಬರೆಯಲು ಕುಳಿತ ಮೇಲೆ ಒಂದು ಭಾನುವಾರ ನಾವು ಗೆಳೆಯರು ಸೇರಿ ರಹೀಂ ಸಾಹೇಬರ ನಿಯಮದಂತೆ ಅಶಕ್ತ ಕಾಲಿನ ಪಂದ್ಯವೊಂದನ್ನು ಆಡಿ ನೋಡಿದೆವು. ಮೊದಲ ಕಾಲು ಗಂಟೆ ಬಿದ್ದದ್ದು, ನಕ್ಕದ್ದು ಇಷ್ಟೇ. ಗಾಳಿಯನ್ನು ಒದ್ದವರೇ ಹೆಚ್ಚು. ಅರ್ಧ ಗಂಟೆಯಾಗುವಷ್ಟರಲ್ಲಿ ನಗೆ ನಿಂತಿತು. ಯಾರಿಗೂ ದೂರ ಒದೆಯಲು ಬಾರದ್ದರಿಂದ ಎಲ್ಲರೂ ಹತ್ತಿರದವನಿಗೆ ಮೆಲ್ಲಗೆ ಚೆಂಡು ಕೊಡತೊಡಗಿದರು. ತಂಡದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಮೊದಲ ವರ್ಷದ ಹುಡುಗನೊಬ್ಬ ಅಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಆಡಿದನು. ಎಲ್ಲರೂ ಹೊಸದಾಗಿ ಕಲಿಯಬೇಕಾದ ಕಡೆ ಹಿಂದಿನವನು ಮುಂದಿನವನು ಎಂಬ ಭೇದವಿರುವುದಿಲ್ಲ.

ಬಿ.ಎ. ಮುಗಿಸಿ ನಾನು ಕಚೇರಿಯೊಂದರಲ್ಲಿ ಗುಮಾಸ್ತನಾದರೆ ಸಾಕೆಂದು ನನ್ನ ತಂದೆಯವರ ಆಸೆ. ಹೊಲದ ಕೆಲಸದಲ್ಲಿ ಬೆನ್ನು ಬಾಗಿಸಿದವರ ಆಸೆಯನ್ನು ತಪ್ಪೆನ್ನಲಾರೆ. ಆದರೆ ಪದವಿ ಪಡೆದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ದೈಹಿಕ ಶಿಕ್ಷಣ ಕಲಿತ ಹೈದರಾಬಾದಿನ ಆ ಮಾಸ್ತರರ ನೆನಪು ನನ್ನನ್ನು ಬಿಡುತ್ತಿಲ್ಲ. ಬಿ.ಪಿ.ಎಡ್. ಅರ್ಜಿಯನ್ನು ತುಂಬಿ ಇಟ್ಟಿದ್ದೇನೆ. ತಂದೆಯವರಿಗೆ ಇನ್ನೂ ಹೇಳಿಲ್ಲ. ಈ ಸಂಚಿಕೆ ಮನೆಗೆ ಬಂದಾಗ ಇದನ್ನು ಅವರಿಗೆ ನಾನೇ ಓದಿ ಹೇಳುವೆನು. ಅಲ್ಲಿಯವರೆಗೆ ದಿನವೂ ಸಂಜೆ ಕಾಲೇಜಿನ ಹಿಂದಿನ ಗೋಡೆಗೆ ಎಡಗಾಲಿನಿಂದ ನೂರು ಸಲ ಚೆಂಡು ಒದೆಯುವ ವ್ರತ ಹಿಡಿದಿದ್ದೇನೆ. ಮೊದಮೊದಲು ನೂರರಲ್ಲಿ ಹತ್ತು ಸಲ ನೆಟ್ಟಗೆ ಹೋಗುತ್ತಿತ್ತು. ಈಗ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ.